ರಸ್ತೆ ದಾಟೋದು ಯಾಕಿಷ್ಟು ಕಷ್ಟ? ನಡೆಯೋರಿಗೂ ಸೈಕಲ್‌ನವರಿಗೂ ಬೀದಿ ಹೇಗಿರಬೇಕು

(ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ಉಪಶೀರ್ಷಿಕೆ ಸೇರಿಸಲಾಗಿದೆ.)

ಇದನ್ನ ನೀವು ಬಸ್ಸಲ್ಲಿ ಕೂತು ಕೇಳ್ತಾ ಇರಬಹುದು, ಮೆಟ್ರೋದಲ್ಲಿ ನಿಂತು ಕೇಳ್ತಾ ಇರಬಹುದು. ನಡ್ಕೊಂಡು ಹೋಗ್ತಾ ಕೇಳ್ತಿದ್ರೆ ಮಾತ್ರ ಒಂದು ಮನವಿ. ರಸ್ತೆ ದಾಟೋ ಮುಂಚೆ ನನ್ನ ಮಾತು ನಿಲ್ಲಿಸಿ, ಇಯರ್‌ಫೋನ್ ತೆಗೆದು, ದಾಟಿದ ಮೇಲೆ ಮತ್ತೆ ಹಾಕ್ಕೊಳ್ಳಿ. ಇವತ್ತಿನ ವಿಷಯವೇ ಅದು.

ಮೊದಲು ಒಂದು ಲೆಕ್ಕ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿ ಪ್ರಕಾರ 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತದಿಂದ ಸತ್ತವರು 1,68,491 ಮಂದಿ. ಅದರಲ್ಲಿ 32,825 ಜನ ಪಾದಚಾರಿಗಳು, 4,836 ಜನ ಸೈಕಲ್ ಸವಾರರು. ಅಂದ್ರೆ ಪ್ರತಿದಿನ ನೂರಕ್ಕೂ ಹೆಚ್ಚು ಮಂದಿ. ಇವರ ಹತ್ರ ಎಂಜಿನ್ ಇರಲಿಲ್ಲ, ಏರ್‌ಬ್ಯಾಗ್ ಇರಲಿಲ್ಲ. ಹಾಲು ತರೋಕೆ, ಕಾಲೇಜಿಗೆ, ಪಾಳಿ ಮುಗಿಸಿ ಮನೆಗೆ ಅಂತ ಹೊರಟ ಜನ.

ಇದು ನಮ್ಮ ವಯಸ್ಸಿನವರ ವಿಷಯ ಯಾಕೆ ಅಂತ ಕೇಳಬಹುದು. ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಪ್ರಕಾರ 5ರಿಂದ 29 ವರ್ಷದವರ ಸಾವಿಗೆ ಜಗತ್ತಿನಲ್ಲೇ ಮೊದಲ ಕಾರಣ ರಸ್ತೆ ಅಪಘಾತ. ಯಾವ ಕಾಯಿಲೆಯೂ ಅದಕ್ಕಿಂತ ಮುಂದಿಲ್ಲ.

ಈ ಮಾತು ತೆಗೆದ ಕೂಡಲೇ ಬರೋ ಉತ್ತರ ಒಂದೇ: "ನಮ್ಮ ಜನಕ್ಕೆ ಶಿಸ್ತಿಲ್ಲ ಬಿಡಿ ಸಾರ್." ಇರಬಹುದು. ಆದ್ರೆ ಒಂದು ಯೋಚನೆ ಮಾಡಿ. ಅದೇ ಬೈಕ್ ಸವಾರ ಚಿಕ್ಕಪೇಟೆ ಗಲ್ಲಿಯಲ್ಲಿ ಕಾಲು ನೆಲಕ್ಕೆ ತಾಗಿಸ್ಕೊಂಡು ನಿಧಾನಕ್ಕೆ ಹೋಗ್ತಾನೆ. ಅರ್ಧ ಗಂಟೆ ಆದಮೇಲೆ ಬಳ್ಳಾರಿ ರಸ್ತೆಯಲ್ಲಿ ಎಂಬತ್ತರಲ್ಲಿ ಹಾರಿಸ್ತಾನೆ. ಅರ್ಧ ಗಂಟೆಯಲ್ಲಿ ಅವನ ಸಂಸ್ಕಾರ ಬದಲಾಗಲಿಲ್ಲ, ಕಾಲ ಕೆಳಗಿನ ರಸ್ತೆ ಬದಲಾಯ್ತು. ಹೇಗೆ ಓಡಿಸಬೇಕು ಅಂತ ರಸ್ತೆಯೇ ನಮಗೆ ಹೇಳ್ತಾ ಇರುತ್ತೆ. ಹಾಗಾಗಿ ಇವತ್ತು ಜನರ ಬುದ್ಧಿಗಿಂತ ಹೆಚ್ಚಾಗಿ ಬೀದಿಯ ಅಳತೆ ಬಗ್ಗೆ ಮಾತಾಡ್ತೀನಿ.

30 ಮತ್ತು 50ರ ನಡುವೆ ಏನಿದೆ?

ಒಂದು ಕಾರು ಗಂಟೆಗೆ 50 ಕಿ.ಮೀ. ವೇಗದಲ್ಲಿ ಬರ್ತಾ ಇದೆ ಅನ್ಕೊಳ್ಳಿ. ಒಂದು ಸೆಕೆಂಡಿಗೆ ಅದು ಸುಮಾರು 14 ಮೀಟರ್ ಸಾಗುತ್ತೆ. ಮಗು ರಸ್ತೆಗೆ ಇಳಿದದ್ದು ಚಾಲಕನ ಕಣ್ಣಿಗೆ ಬಿದ್ದು, ಮೆದುಳಿಗೆ ಹೋಗಿ, ಕಾಲು ಬ್ರೇಕ್ ಮೇಲೆ ಬರೋಕೆ ಸುಮಾರು ಒಂದು ಸೆಕೆಂಡ್ ಬೇಕು. ಆ ಹೊತ್ತಿಗೆ 14 ಮೀಟರ್ ಮುಗಿದಿರುತ್ತೆ. ಬ್ರೇಕ್ ಹಿಡಿದ ಮೇಲೆ, ಒಣ ರಸ್ತೆಯಲ್ಲಿ, ಇನ್ನೂ ಅಷ್ಟೇ ದೂರ ಬೇಕು. ಒಟ್ಟು 28 ಮೀಟರ್.

ಅದೇ ಕಾರು 30ರಲ್ಲಿ ಇದ್ರೆ? ಯೋಚಿಸೋಕೆ 8 ಮೀಟರ್, ಬ್ರೇಕಿಗೆ 5 ಮೀಟರ್. ಹದಿಮೂರು ಮೀಟರಿಗೆ ನಿಂತೇಬಿಡುತ್ತೆ.

ಈಗ ಎರಡನ್ನೂ ಪಕ್ಕಪಕ್ಕ ಇಡಿ. ಮಗು 14 ಮೀಟರ್ ದೂರದಲ್ಲಿದೆ. 30ರಲ್ಲಿ ಬಂದ ಕಾರು ಮಗುವಿಗಿಂತ ಒಂದು ಹೆಜ್ಜೆ ಹಿಂದೆ ನಿಂತಿದೆ. 50ರಲ್ಲಿ ಬಂದ ಕಾರಿನ ಬ್ರೇಕ್ ಆ ಜಾಗದಲ್ಲಿ ಇನ್ನೂ ಹಿಡಿದೇ ಇಲ್ಲ. ಅದು ಪೂರ್ತಿ 50ರ ವೇಗದಲ್ಲೇ ಬಂದು ಹೊಡೆಯುತ್ತೆ. ಇಬ್ಬರೂ ಒಳ್ಳೆಯ ಚಾಲಕರೇ, ಇಬ್ಬರೂ ಎಚ್ಚರವಾಗೇ ಇದ್ದರು.

ಹೊಡೆತದ ಜೋರು ಎಷ್ಟು? ಹೈಸ್ಕೂಲ್ ಭೌತಶಾಸ್ತ್ರ ನೆನಪು ಮಾಡ್ಕೊಳ್ಳಿ: ಚಲನ ಶಕ್ತಿ ವೇಗದ ವರ್ಗಕ್ಕೆ ತಕ್ಕ ಹಾಗೆ ಏರುತ್ತೆ. 30 ಮತ್ತು 50ರ ನಡುವಿನ ವ್ಯತ್ಯಾಸ ಬರೀ 20 ಅನ್ನಿಸಿದ್ರೂ ಶಕ್ತಿ ಎರಡೂಮುಕ್ಕಾಲು ಪಟ್ಟು. ಎತ್ತರದ ಲೆಕ್ಕದಲ್ಲಿ ಹೇಳೋದಾದ್ರೆ, 30ರ ವೇಗ ಅಂದ್ರೆ ಮೊದಲ ಮಹಡಿಯಿಂದ ನೆಲಕ್ಕೆ ಬಿದ್ದಾಗ ಬರೋ ವೇಗ. 50 ಅಂದ್ರೆ ಮೂರನೇ ಮಹಡಿಯಿಂದ. ಮೊದಲ ಮಹಡಿಯಿಂದ ಬಿದ್ದವರು ಕೈಕಾಲು ಮುರ್ಕೊಂಡು ಬದುಕೋದುಂಟು. ಮೂರನೇ ಮಹಡಿ ಕಥೆ ನಿಮಗೇ ಗೊತ್ತು.

"30ಕ್ಕೆ ಇಳಿಸಿದ್ರೆ ಆಫೀಸ್ ತಲುಪೋದು ಯಾವಾಗ?" ಅನ್ನೋ ಪ್ರಶ್ನೆ ಬರುತ್ತೆ. ಟಾಮ್‌ಟಾಮ್ ಸಂಸ್ಥೆಯ 2023ರ ಸಂಚಾರ ಸೂಚ್ಯಂಕದಲ್ಲಿ ಬೆಂಗಳೂರಿನ ನಡುಭಾಗದಲ್ಲಿ 10 ಕಿ.ಮೀ. ಹೋಗೋಕೆ ಸರಾಸರಿ 28 ನಿಮಿಷ. ಅಂದ್ರೆ ಗಂಟೆಗೆ 21 ಕಿ.ಮೀ. ನಮ್ಮ ಸರಾಸರಿ ಈಗಾಗಲೇ 30ಕ್ಕಿಂತ ಕೆಳಗಿದೆ! ಒಂದು ಸಿಗ್ನಲ್‌ನಿಂದ ಇನ್ನೊಂದಕ್ಕೆ 60ರಲ್ಲಿ ಓಡಿ, ಅಲ್ಲಿ ಎರಡು ನಿಮಿಷ ಕಾಯ್ತೀವಿ. ಆ ಓಟದಿಂದ ಸಮಯ ಉಳಿಯಲ್ಲ, ಅಪಾಯ ಮಾತ್ರ ಉಳಿಯುತ್ತೆ.

ಹಾಗಂತ "30" ಅಂತ ಬೋರ್ಡ್ ನೆಟ್ಟರೆ ಸಾಕಾ? ಸಾಲದು. ಅಗಲವಾದ, ನೇರವಾದ, ಖಾಲಿ ರಸ್ತೆ ಕೊಟ್ಟು ನಿಧಾನ ಹೋಗಿ ಅಂದ್ರೆ ಯಾರೂ ಕೇಳಲ್ಲ. ಲೇನ್ ಮೂರೂವರೆ ಮೀಟರ್ ಇದ್ದದ್ದನ್ನ ಮೂರಕ್ಕೆ ಇಳಿಸಿದ್ರೆ ಕಾಲು ತಾನಾಗೇ ಬ್ರೇಕ್ ಕಡೆ ಹೋಗುತ್ತೆ. ಮೂಲೆಯ ತಿರುವನ್ನ ದೊಡ್ಡ ಬಿಲ್ಲಿನ ಹಾಗೆ ಬಿಟ್ಟರೆ ಗಾಡಿಗಳು ವೇಗ ಕಡಿಮೆ ಮಾಡದೇ ತಿರುಗ್ತವೆ. ಅದೇ ಮೂಲೆಯನ್ನ ಚೂಪು ಮಾಡಿ, ಫುಟ್‌ಪಾತನ್ನ ಸ್ವಲ್ಪ ಮುಂದಕ್ಕೆ ಎಳೆದ್ರೆ ತಿರುಗೋಕೆ ನಿಧಾನ ಮಾಡಲೇಬೇಕು, ದಾಟೋರಿಗೂ ದೂರ ಕಡಿಮೆ. ಇಲ್ಲಿ ಪೊಲೀಸರೂ ಬೇಡ, ದಂಡವೂ ಬೇಡ. ಸಿಮೆಂಟೇ ಕೆಲಸ ಮಾಡುತ್ತೆ.

ಫುಟ್‌ಪಾತ್ ಇದ್ದರೂ ರಸ್ತೆ ಮೇಲೆ ಯಾಕೆ ನಡೀತೀವಿ?

ಈ ಸಂಚಿಕೆಗೋಸ್ಕರ ನಾನೊಂದು ಸಣ್ಣ ಕೆಲಸ ಮಾಡಿದೆ. ನಮ್ಮ ಆಫೀಸಿನಿಂದ ಹತ್ತಿರದ ಬಸ್ ಸ್ಟಾಪಿಗೆ ಅಳತೆ ಟೇಪ್ ಹಿಡ್ಕೊಂಡು ನಡೆದೆ. ದೂರ ಮುನ್ನೂರು ಮೀಟರ್ ಆಸುಪಾಸು. ಅಷ್ಟರಲ್ಲಿ ಫುಟ್‌ಪಾತ್ ಬಿಟ್ಟು ರಸ್ತೆಗೆ ಇಳಿದದ್ದು ಹನ್ನೊಂದು ಸಲ. ಆರು ಕಡೆ ಕಟ್ಟಡಗಳ ಗೇಟಿಗೆ ಅಂತ ಫುಟ್‌ಪಾತ್ ಕತ್ತರಿಸಿದ್ದರು. ಎರಡು ಕಡೆ ಚರಂಡಿ ಸ್ಲ್ಯಾಬ್ ಕುಸಿದಿತ್ತು. ಒಂದು ಕಡೆ ಟ್ರಾನ್ಸ್‌ಫಾರ್ಮರ್, ಅದಕ್ಕೂ ಕಾಂಪೌಂಡಿಗೂ ನಡುವೆ ಒಂದೂವರೆ ಅಡಿ ಜಾಗ. ಇನ್ನೆರಡು ಕಡೆ ನಿಲ್ಲಿಸಿದ ಬೈಕುಗಳು. ನನಗೆ ಕಾಲು ಗಟ್ಟಿ ಇದೆ, ಹತ್ತಿಳಿದೆ. ವಾಕರ್ ಹಿಡಿದ ಅಜ್ಜಿ, ವೀಲ್‌ಚೇರ್‌ನಲ್ಲಿರೋರು, ಮಗುವನ್ನ ತಳ್ಳುಗಾಡಿಯಲ್ಲಿ ಕೂರಿಸಿದ ತಾಯಿ ಏನು ಮಾಡಬೇಕು? ಅವರು ಮೊದಲಿಂದ ಕೊನೆವರೆಗೂ ರಸ್ತೆ ಮೇಲೇ ಹೋಗಬೇಕು.

ಇದಕ್ಕೆ ನಿಯಮ ಇಲ್ವಾ ಅಂದ್ರೆ, ಇದೆ. ಭಾರತೀಯ ರಸ್ತೆ ಕಾಂಗ್ರೆಸ್ ಅಂತ ಒಂದು ಸಂಸ್ಥೆ ಇದೆ. ರಸ್ತೆ ಕಟ್ಟೋ ಎಂಜಿನಿಯರುಗಳಿಗೆ ಮಾನದಂಡ ಬರೆಯೋದು ಅದೇ. ಪಾದಚಾರಿ ಸೌಲಭ್ಯಕ್ಕೆ ಸಂಬಂಧಿಸಿದ ಅದರ 103ನೇ ಸಂಖ್ಯೆಯ ಮಾರ್ಗಸೂಚಿ ಪ್ರಕಾರ, ವಸತಿ ಪ್ರದೇಶದಲ್ಲೂ ಯಾವ ಅಡ್ಡಿಯೂ ಇಲ್ಲದೆ ನಡೆಯೋಕೆ ಕನಿಷ್ಠ 1.8 ಮೀಟರ್ ಅಗಲ ಬೇಕು. ಎರಡು ವೀಲ್‌ಚೇರ್ ಎದುರುಬದುರಾದ್ರೂ ದಾಟ್ಕೊಂಡು ಹೋಗುವಷ್ಟು ಜಾಗ ಅದು. ತಲೆ ಮೇಲೆ 2.2 ಮೀಟರ್ ಖಾಲಿ ಇರಬೇಕು. ಅಂಗಡಿ ಸಾಲಿನಲ್ಲಿ ಅಗಲ ಇನ್ನೂ ಹೆಚ್ಚು.

ಎತ್ತರದ ಬಗ್ಗೆಯೂ ಹೇಳಿದ್ದಾರೆ: 150 ಮಿ.ಮೀ. ಮೀರಬಾರದು. ಅಂದ್ರೆ ಅರ್ಧ ಅಡಿ. ನಮ್ಮಲ್ಲಿ ಬೈಕ್ ಹತ್ತಬಾರದು ಅಂತ ಒಂದಡಿ, ಒಂದೂಕಾಲು ಅಡಿ ಎತ್ತರಿಸ್ತಾರೆ. ಬೈಕ್ ಗೇಟಿನ ಇಳಿಜಾರಲ್ಲಿ ಆರಾಮಾಗಿ ಹತ್ತುತ್ತೆ. ಮಂಡಿನೋವಿನವರು ಹತ್ತಲ್ಲ. ಗೇಟಿನ ಎದುರು ಮಾಡಬೇಕಾದ್ದು ಉಲ್ಟಾ ಕೆಲಸ. ಫುಟ್‌ಪಾತ್ ಅದೇ ಮಟ್ಟದಲ್ಲಿ ಮುಂದುವರಿಯಬೇಕು, ಕಾರು ಚಿಕ್ಕ ಇಳಿಜಾರು ಹತ್ತಿ ಇಳಿಯಬೇಕು. ದಿನಕ್ಕೆ ನಾಲ್ಕು ಸಲ ಹೋಗೋ ಕಾರಿಗೋಸ್ಕರ ನಾಲ್ಕು ಸಾವಿರ ಹೆಜ್ಜೆ ಇಳಿದು ಹತ್ತೋದು ಯಾವ ನ್ಯಾಯ?

ಟ್ರಾನ್ಸ್‌ಫಾರ್ಮರ್, ಮರ, ಕಂಬ, ಬೆಂಚ್ ಎಲ್ಲ ಎಲ್ಲಿ ಹೋಗಬೇಕು? ಫುಟ್‌ಪಾತನ್ನ ಮೂರು ಪಟ್ಟಿ ಅಂತ ನೋಡಬೇಕು. ಕಟ್ಟಡಕ್ಕೆ ಅಂಟಿದ್ದು ಅಂಗಡಿ ಬಾಗಿಲಿನವರಿಗೆ. ನಡುವಿನದು ನಡೆಯೋರಿಗೆ ಮಾತ್ರ. ರಸ್ತೆ ಅಂಚಿನದು ಮರ, ದೀಪದ ಕಂಬ, ಬಸ್ ಸ್ಟಾಪ್, ತಳ್ಳುಗಾಡಿ ಇವುಗಳಿಗೆ. ಬೀದಿ ವ್ಯಾಪಾರಿಗಳನ್ನ ಎಬ್ಬಿಸೋದೇ ಪರಿಹಾರ ಅಂತ ಕೆಲವರು ಹೇಳ್ತಾರೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಅವರಿಗೆ ಜಾಗ ಗುರುತಿಸಿ ಕೊಡಬೇಕು ಅನ್ನುತ್ತೆ. ರಾತ್ರಿ ಒಂಬತ್ತು ಗಂಟೆಗೆ ಒಬ್ಬಳೇ ನಡೆದು ಹೋಗೋ ಹುಡುಗೀರನ್ನ ಕೇಳಿ. ಕಡ್ಲೆಕಾಯಿ ಗಾಡಿಯ ದೀಪ ಉರೀತಿರೋ ಬೀದಿ ಬೇಕಾ, ಬಿಕೋ ಅನ್ನೋ ಬೀದಿ ಬೇಕಾ ಅಂತ.

ಬೆಂಗಳೂರಿಗೆ ಇದನ್ನ ಮಾಡೋಕೆ ಬರಲ್ಲ ಅಂತಲ್ಲ. ರೆಸಿಡೆನ್ಸಿ ರಸ್ತೆ, ವಿಠಲ್ ಮಲ್ಯ ರಸ್ತೆ, ಕನ್ನಿಂಗ್‌ಹ್ಯಾಮ್ ರಸ್ತೆಯಲ್ಲಿ ಟೆಂಡರ್‌ಶ್ಯೂರ್ ಯೋಜನೆಯಲ್ಲಿ ಮಾಡಿರೋ ಫುಟ್‌ಪಾತ್ ಮೇಲೆ ನಡೆದಿದ್ರೆ ನಿಮಗೇ ಗೊತ್ತಿರುತ್ತೆ. ಅಲ್ಲಿ ನೀರಿನ ಪೈಪು, ಒಳಚರಂಡಿ, ಕೇಬಲ್ ಎಲ್ಲಕ್ಕೂ ಮೊದಲೇ ನೆಲದಡಿ ದಾರಿ ಮಾಡಿ, ಆಮೇಲೆ ಮೇಲಿನ ಕೆಲಸ ಮಾಡಿದರು. ಇವತ್ತು ಟೈಲ್ಸ್ ಹಾಕಿ ನಾಳೆ ಕೇಬಲ್‌ಗೆ ಅಗೆಯೋ ನಮ್ಮ ಏರಿಯಾ ಕಥೆ ಅಲ್ಲಿ ಕಡಿಮೆ ಆಗಿದ್ದು ಹಾಗೆ.

ದಾಟೋದು: ಇಪ್ಪತ್ತು ಸೆಕೆಂಡಿನ ಲೆಕ್ಕ

ಸಿಗ್ನಲ್ ವಿನ್ಯಾಸ ಮಾಡುವಾಗ ಮನುಷ್ಯ ಸೆಕೆಂಡಿಗೆ 1.2 ಮೀಟರ್ ನಡೀತಾನೆ ಅಂತ ಸಾಮಾನ್ಯವಾಗಿ ಹಿಡೀತಾರೆ. 24 ಮೀಟರ್ ಅಗಲದ ರಸ್ತೆ ದಾಟೋಕೆ 20 ಸೆಕೆಂಡ್. ನಿಮ್ಮ ಅಜ್ಜಿ ಸೆಕೆಂಡಿಗೆ 0.8 ಮೀಟರ್ ನಡೆದ್ರೆ ಅವರಿಗೆ 30 ಸೆಕೆಂಡ್ ಬೇಕು. ಹಸಿರು ದೀಪ ಆರಿದಾಗ ಅವರು ಇನ್ನೂ ಎಂಟು ಮೀಟರ್ ಹಿಂದೆ, ರಸ್ತೆ ನಡುವೆಯೇ ಇರ್ತಾರೆ. ಎದುರಿಗೆ ಬೈಕುಗಳು ಆಕ್ಸಿಲರೇಟರ್ ತಿರುವ್ತಾ ನಿಂತಿರ್ತವೆ.

ಇದಕ್ಕೆ ಸುಲಭದ ಪರಿಹಾರ, ನಡುವೆ ಒಂದು ತಂಗುದಾಣ. ಡಿವೈಡರ್ ಇರೋ ಜಾಗದಲ್ಲೇ ನಾಲ್ಕೈದು ಜನ ನಿಲ್ಲುವಷ್ಟು ಅಗಲದ ಕಟ್ಟೆ. ಒಂದೇ ಸಲ 24 ಮೀಟರ್ ದಾಟೋ ಬದಲು ಹನ್ನೆರಡು ಹನ್ನೆರಡಾಗಿ ದಾಟಬಹುದು. ಒಂದು ಸಲಕ್ಕೆ ಒಂದೇ ಕಡೆ ನೋಡಿದ್ರೆ ಸಾಕು.

ಇನ್ನೊಂದು, ಎತ್ತರಿಸಿದ ಕ್ರಾಸಿಂಗ್. ನಮ್ಮಲ್ಲಿ ಹಂಪ್ ಒಂದು ಕಡೆ, ಜೀಬ್ರಾ ಪಟ್ಟೆ ಇನ್ನೊಂದು ಕಡೆ ಇರುತ್ತೆ. ಎರಡನ್ನೂ ಸೇರಿಸಿ, ಅಗಲವಾದ ಸಮತಟ್ಟು ಹಂಪ್ ಮಾಡಿ, ಅದರ ಮೇಲೇ ಪಟ್ಟೆ ಬಳಿದ್ರೆ ಗಾಡಿ ನಿಧಾನ ಆಗಲೇಬೇಕು. ನಡೆಯೋರು ಫುಟ್‌ಪಾತ್ ಮಟ್ಟದಲ್ಲೇ ದಾಟ್ತಾರೆ, ಇಳಿಯೋದು ಹತ್ತೋದು ಇಲ್ಲ. ಶಾಲೆ, ಆಸ್ಪತ್ರೆ, ಮಾರ್ಕೆಟ್ ಎದುರು ಇದು ಬೇಕೇಬೇಕು.

ಮತ್ತೆ ಸ್ಕೈವಾಕ್? ಕೆಳಗೆ ಲಾರಿ ಹೋಗೋಕೆ ಸುಮಾರು ಐದೂವರೆ ಮೀಟರ್ ಎತ್ತರ ಬಿಡಬೇಕು. ಒಂದು ಮೆಟ್ಟಿಲು 15 ಸೆಂ.ಮೀ. ಅಂದ್ರೂ ಹತ್ತೋಕೆ 37, ಇಳಿಯೋಕೆ 37. ಲಿಫ್ಟ್ ಕೆಟ್ಟ ದಿನ ಯಾರು ಹತ್ತುತ್ತಾರೆ? ಅದಕ್ಕೇ ಜನ ಬೇಲಿ ಸಂದಿಯಲ್ಲಿ ನುಸುಳ್ತಾರೆ, ಆಮೇಲೆ "ಸ್ಕೈವಾಕ್ ಇದ್ದರೂ ಬಳಸಲ್ಲ" ಅಂತ ಬೈಸ್ಕೊಳ್ತಾರೆ. ಎಕ್ಸ್‌ಪ್ರೆಸ್‌ವೇ ಮೇಲೆ, ರೈಲು ಹಳಿ ಮೇಲೆ ಸ್ಕೈವಾಕ್ ಬೇಕು, ಒಪ್ಪೋಣ. ಊರೊಳಗಿನ ರಸ್ತೆಯಲ್ಲಿ ಅದರಿಂದ ಆರಾಮ ಆಗೋದು ಬ್ರೇಕ್ ಹಿಡಿಯೋದು ತಪ್ಪಿದ ಕಾರಿನವರಿಗೆ.

ಸೈಕಲ್‌ಗೆ ಬಣ್ಣ ಸಾಲದು

ಸೈಕಲ್ ವಿಷಯದಲ್ಲಿ ಸೂತ್ರ ಸರಳ. ಗಾಡಿಗಳು 30ಕ್ಕಿಂತ ಕೆಳಗಿರೋ ಒಳರಸ್ತೆಯಲ್ಲಿ ಸೈಕಲ್‌ಗೆ ಬೇರೆ ದಾರಿ ಬೇಡ, ಎಲ್ಲರೂ ಒಟ್ಟಿಗೆ ಹೋಗಬಹುದು. 50, 60ರಲ್ಲಿ ಬಸ್ಸು ಲಾರಿ ಓಡೋ ರಸ್ತೆಯಲ್ಲಿ ಬೇರೆ ದಾರಿ ಬೇಕು, ನಡುವೆ ಗಟ್ಟಿ ತಡೆ ಬೇಕು.

2020ರಲ್ಲಿ, ಕೋವಿಡ್ ಸಮಯದಲ್ಲಿ, ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡ್‌ನಿಂದ ಲೌರಿ ಜಂಕ್ಷನ್‌ವರೆಗೆ ಸುಮಾರು 17 ಕಿ.ಮೀ. ತಾತ್ಕಾಲಿಕ ಸೈಕಲ್ ಪಥ ಮಾಡೋಕೆ ಹೊರಟರು. ಬಣ್ಣ ಬಳಿದು, ಪ್ಲಾಸ್ಟಿಕ್ ಬೊಲಾರ್ಡ್ ನೆಟ್ಟರು. ಒಳ್ಳೆಯ ಪ್ರಯತ್ನವೇ. ಆದ್ರೆ ಟ್ರಾಫಿಕ್ ಜಾಮ್ ಆದ ಕೂಡಲೇ ಬೈಕುಗಳು ಒಳಗೆ ನುಗ್ಗಿದವು, ಬೊಲಾರ್ಡ್‌ಗಳು ಮುರಿದವು, ಆಮೇಲೆ ಮೆಟ್ರೋ ಕಾಮಗಾರಿ ಬಂತು. ಈಗ ಅದನ್ನ ತೋರಿಸಿ "ನೋಡಿ, ಇಲ್ಲಿ ಸೈಕಲ್ ಯಾರೂ ಓಡಿಸಲ್ಲ" ಅಂತಾರೆ. ಹೊಳೆಗೆ ಸೇತುವೆ ಕಟ್ಟಬೇಕಾ ಬೇಡ್ವಾ ಅಂತ ಎಷ್ಟು ಜನ ಈಜಿ ದಾಟ್ತಾರೆ ಅನ್ನೋದರ ಮೇಲೆ ತೀರ್ಮಾನ ಮಾಡಿದ ಹಾಗಾಯ್ತು.

ಮೈಸೂರಿನಲ್ಲಿ 2017ರ ಜೂನ್‌ನಲ್ಲಿ ಶುರುವಾದ "ಟ್ರಿಣ್ ಟ್ರಿಣ್" ನೆನಪಿದ್ಯಾ? ಸುಮಾರು 450 ಸೈಕಲ್, 48 ನಿಲ್ದಾಣ. ಮೈಸೂರಿನ ರಸ್ತೆಗಳ ನಿಧಾನ, ಊರಿನ ಅಳತೆ ಎರಡೂ ಸೈಕಲ್‌ಗೆ ಹೊಂದುತ್ತೆ. ಬಾಡಿಗೆ ಸೈಕಲ್ ಕೊಡೋದು ಅರ್ಧ ಕೆಲಸ. ಅದನ್ನ ಓಡಿಸ್ತಾ ಅಮ್ಮ ಗಾಬರಿಯಾಗದೇ ಇರೋ ರಸ್ತೆ ಕೊಡೋದು ಇನ್ನರ್ಧ.

ಇನ್ನೊಂದು ವಿಷಯ ಮರೀಬಾರದು. ಬೆಳಗ್ಗೆ ಆರು ಗಂಟೆಗೆ ಹೆಲ್ಮೆಟ್ ಹಾಕಿ ನಂದಿಬೆಟ್ಟಕ್ಕೆ ಹೋಗೋರು ಮಾತ್ರ ಸೈಕಲ್‌ನವರಲ್ಲ. ಕ್ಯಾರಿಯರ್‌ಗೆ ಬುತ್ತಿ ಕಟ್ಟಿಕೊಂಡು ಕಟ್ಟಡದ ಕೆಲಸಕ್ಕೆ ಹೋಗೋರು, ಪೇಪರ್ ಹಾಕೋರು, ರಾತ್ರಿ ಪಾಳಿಯ ಸೆಕ್ಯೂರಿಟಿಯವರು ಇದ್ದಾರೆ. ಅವರು ಸಾಮಾಜಿಕ ಜಾಲತಾಣದಲ್ಲಿ ದೂರು ಹಾಕಲ್ಲ, ಹಾಗಾಗಿ ಯಾರ ಲೆಕ್ಕಕ್ಕೂ ಸಿಗಲ್ಲ.

"ಜಾಗ ಎಲ್ಲಿದೆ?"

ಜಾಗ ಇದೆ, ಅದರ ಮೇಲೆ ಕಾರು ನಿಂತಿದೆ. ರಸ್ತೆ ಬದಿ ನಿಲ್ಲಿಸಿದ ಒಂದು ಕಾರಿಗೆ ಸುಮಾರು ಹನ್ನೆರಡು ಚದರ ಮೀಟರ್ ಬೇಕು. ಬಾಡಿಗೆ ಮನೆ ಹುಡುಕಿದವರಿಗೆ ಗೊತ್ತು, ಅಷ್ಟು ಜಾಗಕ್ಕೆ ಒಂದು ರೂಮ್ ಸಿಗುತ್ತೆ, ಅದಕ್ಕೆ ಅಡ್ವಾನ್ಸ್ ಬೇರೆ. ಕಾರಿಗೆ ಹೆಚ್ಚಿನ ಬೀದಿಗಳಲ್ಲಿ ಅದು ಪುಕ್ಕಟೆ.

"ಗಾಡಿ ಬಿಡದಿದ್ರೆ ವ್ಯಾಪಾರ ಹಾಳಾಗುತ್ತೆ" ಅನ್ನೋ ಅಂಗಡಿಯವರ ಭಯ ಸುಳ್ಳಲ್ಲ, ಅವರ ಹೊಟ್ಟೆಪಾಡಿನ ಪ್ರಶ್ನೆ. ಬೆಂಗಳೂರಿನ ಚರ್ಚ್ ಸ್ಟ್ರೀಟ್ 2018ರಲ್ಲಿ ಹೊಸ ರೂಪ ಪಡೀತು. 2020ರ ನವೆಂಬರ್‌ನಿಂದ ಕೆಲವು ತಿಂಗಳು ವಾರಾಂತ್ಯದಲ್ಲಿ ಗಾಡಿ ನಿಲ್ಲಿಸಿದರು. ಇವತ್ತು ಶನಿವಾರ ಸಂಜೆ ಅಲ್ಲಿ ಹೋಗಿ ನೋಡಿ. ಬೀದಿ ತುಂಬ ಇರೋದು ನಡೆಯೋ ಜನ, ಅಂಗಡಿ ಒಳಗೆ ಹೋಗೋರೂ ಅವರೇ. ಚೆನ್ನೈನ ಪಾಂಡಿ ಬಜಾರ್‌ನಲ್ಲಿ 2019ರಲ್ಲಿ ಅಗಲವಾದ ಪಾದಚಾರಿ ಹಾದಿ ಮಾಡಿದರು. ಕಾರು ಯಾವತ್ತೂ ಕಿಟಕಿ ನೋಡಿ ಒಳಗೆ ಬಂದು ಸೀರೆ ಕೊಳ್ಳಲ್ಲ.

ನೆದರ್‌ಲ್ಯಾಂಡ್ಸ್ ಹುಟ್ಟಿದ್ದೇ ಹಾಗಲ್ಲ

"ಅದು ಯುರೋಪು, ಅವರ ಸಂಸ್ಕೃತಿಯೇ ಬೇರೆ" ಅನ್ನೋ ಮಾತಿಗೆ ಒಂದು ಕಥೆ ಹೇಳ್ತೀನಿ. 1971ರಲ್ಲಿ ನೆದರ್‌ಲ್ಯಾಂಡ್ಸ್ ರಸ್ತೆಗಳಲ್ಲಿ ಸತ್ತವರು ಮೂರು ಸಾವಿರಕ್ಕೂ ಹೆಚ್ಚು. ಅವರಲ್ಲಿ ನಾನೂರಕ್ಕಿಂತ ಹೆಚ್ಚು ಮಕ್ಕಳು. ಆಗ ಅಲ್ಲೂ ಕಾರಿಗೋಸ್ಕರ ಬೀದಿ ಅಗಲ ಮಾಡ್ತಿದ್ದರು. ವಿಕ್ ಲಾಂಗೆನ್‌ಹಾಫ್ ಅನ್ನೋ ಪತ್ರಕರ್ತ ಅಪಘಾತದಲ್ಲಿ ಮಗಳನ್ನ ಕಳ್ಕೊಂಡರು. 1972ರಲ್ಲಿ ಅವರು ಬರೆದ ಲೇಖನದ ಶೀರ್ಷಿಕೆಯೇ ಒಂದು ಚಳವಳಿಯ ಹೆಸರಾಯ್ತು: "ಮಕ್ಕಳ ಕೊಲೆ ನಿಲ್ಲಿಸಿ." ಅಪ್ಪ ಅಮ್ಮಂದಿರು ಬೀದಿಯಲ್ಲಿ ಕೂತರು, ಮಕ್ಕಳು ರಸ್ತೆ ಮುಚ್ಚಿ ಆಟ ಆಡಿದರು. ಮರುವರ್ಷ ತೈಲ ಬಿಕ್ಕಟ್ಟು ಬಂದು ಭಾನುವಾರ ಕಾರು ಓಡಿಸೋದು ನಿಂತಾಗ, ಖಾಲಿ ಬೀದಿ ಹೇಗಿರುತ್ತೆ ಅಂತ ಜನ ಕಣ್ಣಾರೆ ನೋಡಿದರು. ಇವತ್ತು ಅಲ್ಲಿ ಜನಸಂಖ್ಯೆ ಹೆಚ್ಚಿದೆ, ಸಾವು ವರ್ಷಕ್ಕೆ 700ರ ಆಸುಪಾಸಿಗೆ ಇಳಿದಿದೆ. ಸಂಸ್ಕೃತಿ ಆಮೇಲೆ ಬಂತು. ಮೊದಲು ಬಂದದ್ದು ಸಿಟ್ಟು, ಆಮೇಲೆ ಕರ್ಬ್ ಕಲ್ಲು.

ತೀರಾ ಇತ್ತೀಚಿನದು ಬೇಕಾದ್ರೆ ಹೆಲ್ಸಿಂಕಿ. ಸುಮಾರು 7 ಲಕ್ಷ ಜನರ ಊರು, ಹುಬ್ಬಳ್ಳಿ-ಧಾರವಾಡಕ್ಕಿಂತ ಚಿಕ್ಕದು. 2025ರ ಜುಲೈವರೆಗಿನ ಒಂದು ವರ್ಷದಲ್ಲಿ ಅಲ್ಲಿ ರಸ್ತೆ ಅಪಘಾತದ ಸಾವು ಸೊನ್ನೆ. ಅರ್ಧಕ್ಕಿಂತ ಹೆಚ್ಚು ಬೀದಿಗಳಲ್ಲಿ ಮಿತಿ 30.

ನಾವೇನು ಮಾಡಬಹುದು?

ಕಾನೂನು ಈಗ ನಮ್ಮ ಕಡೆ ಇದೆ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಫುಟ್‌ಪಾತ್ ಬಳಸೋ ಹಕ್ಕು ಸಂವಿಧಾನದ 21ನೇ ವಿಧಿಯಡಿ, ಅಂದ್ರೆ ಜೀವಿಸುವ ಹಕ್ಕಿನ ಭಾಗ ಅಂತ ಹೇಳಿತು. ಅಂಗವಿಕಲರೂ ಬಳಸುವಂಥ ಫುಟ್‌ಪಾತ್‌ಗೆ ಮಾರ್ಗಸೂಚಿ ಮಾಡಿ ಅಂತ ರಾಜ್ಯಗಳಿಗೆ ಸೂಚಿಸಿತು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 198ಎ ವಿಧಿ ಇನ್ನೂ ಕುತೂಹಲದ್ದು. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆ ಮಾನದಂಡದಂತೆ ಇಲ್ಲದೆ ಸಾವು ಅಥವಾ ಅಂಗವೈಕಲ್ಯ ಆದ್ರೆ ಹೊಣೆಗಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ. ಅಂದ್ರೆ ತಪ್ಪು ಯಾವಾಗಲೂ ಚಾಲಕನದ್ದು ಇಲ್ಲ ಸತ್ತವನದ್ದು ಅನ್ನೋ ಕಾಲ, ಕಾಗದದ ಮೇಲಾದ್ರೂ, ಮುಗಿದಿದೆ.

ಹಾಗಾಗಿ ದೂರು ಕೊಡುವಾಗ "ಫುಟ್‌ಪಾತ್ ಸರಿ ಇಲ್ಲ" ಅಂತ ಬರೀಬೇಡಿ. ಅದಕ್ಕೆ "ಪರಿಶೀಲಿಸಲಾಗುವುದು" ಅನ್ನೋ ಉತ್ತರ ಬರುತ್ತೆ. ಅಳತೆ ಬರೀರಿ. "ಇಂಥ ಕಂಬದ ಹತ್ತಿರ ಅಗಲ 45 ಸೆಂ.ಮೀ., ಬೇಕಾದ್ದು 180." "ಇಂಥ ಶಾಲೆ ಎದುರು ದಾಟೋ ದೂರ 24 ಮೀಟರ್, ಹಸಿರು ದೀಪ 15 ಸೆಕೆಂಡ್." ಟೇಪ್ ಇಲ್ಲದಿದ್ರೆ ಫೋನಿನಲ್ಲೇ ಅಳೆಯೋ ಆ್ಯಪ್ ಇದೆ, ಫೋಟೋ ಜೊತೆ ಹಾಕಿ. ಬೆಂಗಳೂರಿನವರಾದ್ರೆ ಒಂದು ನೆನಪಿಡಿ: 2025ರ ಸೆಪ್ಟೆಂಬರ್‌ನಿಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳಿವೆ, ನಿಮ್ಮ ಬೀದಿ ಯಾವುದಕ್ಕೆ ಸೇರುತ್ತೆ ಅಂತ ಮೊದಲು ತಿಳ್ಕೊಳ್ಳಿ. ಸಿಗ್ನಲ್ ಸಮಯದ ವಿಷಯವನ್ನ ಸಂಚಾರ ಪೊಲೀಸರಿಗೆ ಬರೀರಿ. ಒಬ್ಬರ ದೂರಿಗಿಂತ ಇಪ್ಪತ್ತು ಮನೆಯವರ ಸಹಿಗೆ ಬೆಲೆ ಜಾಸ್ತಿ.

ಬೈಕ್ ಓಡಿಸೋ ಗೆಳೆಯರಿಗೆ ಒಂದೇ ಮಾತು. ಫುಟ್‌ಪಾತ್ ಹತ್ತಿಸಬೇಡಿ, ಮತ್ತೆ ಒಳರಸ್ತೆಯಲ್ಲಿ ಮೂವತ್ತು ದಾಟಬೇಡಿ. ಆ ಹದಿನಾಲ್ಕು ಮೀಟರ್ ಲೆಕ್ಕ ತಲೆಯಲ್ಲಿರಲಿ.

ನಿಮ್ಮ ಮನೆಯಿಂದ ಬಸ್ ಸ್ಟಾಪಿಗೆ ಹೋಗುವಾಗ ಎಷ್ಟು ಸಲ ರಸ್ತೆಗೆ ಇಳೀಬೇಕು? ಈ ವಾರ ಎಣಿಸಿ ನಮಗೆ ವಾಯ್ಸ್ ಮೆಸೇಜ್ ಕಳಿಸಿ. ಊರಿನ ಹೆಸರು ಹೇಳೋದು ಮರೀಬೇಡಿ, ಬೆಂಗಳೂರು ಮಾತ್ರ ಅಲ್ಲ, ಕಲಬುರಗಿ, ಮಂಗಳೂರು, ದಾವಣಗೆರೆ ಲೆಕ್ಕವೂ ಬೇಕು. ಮುಂದಿನ ಸಂಚಿಕೆಯಲ್ಲಿ ಅವನ್ನೆಲ್ಲ ಒಟ್ಟಿಗೆ ಇಡೋಣ. ಅಲ್ಲಿವರೆಗೆ, ನೋಡ್ಕೊಂಡು ದಾಟಿ. ನಮಸ್ಕಾರ.